ಕರ್ಮಣಿ ವಾಕ್ಯದಲ್ಲಿ ‘ಆಫ್’, ‘ಅಪ್’, ‘ಆಫ್ಟರ್’ಗಳು ಎಲ್ಲಿ ನಿಲ್ಲಬೇಕು?

ಪ್ರಶ್ನೆ
ಬರೆದವರು: ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ಜುಲೈಯಲ್ಲಿ ನಡೆದ ಒಂದು ಪ್ರಮಾದ ಈ ಪ್ರಶ್ನೆಗೆ ಕಾರಣ. ಒಂದು ವಾರ ಬಿಡದೆ ಮಳೆ ಸುರಿದದ್ದರಿಂದ ಶನಿವಾರದ ಪೋಷಕರ ಸಭೆಯನ್ನು ರದ್ದುಪಡಿಸಿದ್ದೆವು. ಮಕ್ಕಳಿಗೆ ಅಭ್ಯಾಸವಾಗಲಿ ಎಂದು ವಾಟ್ಸಾಪ್ ಗುಂಪಿನ ಸೂಚನೆಗಳನ್ನು ಕೆಲವೊಮ್ಮೆ ಅವರ ಕೈಯಿಂದಲೇ ಇಂಗ್ಲಿಷಿನಲ್ಲಿ ಬರೆಸುತ್ತೇನೆ. ಆ ದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ‘ದಿ ಪೇರೆಂಟ್ಸ್ ಮೀಟಿಂಗ್ ಈಸ್ ಕಾಲ್ಡ್ ಡ್ಯೂ ಟು ಹೆವಿ ರೇನ್’ ಎಂದು ಬರೆದಳು, ನಾನು ಅವಸರದಲ್ಲಿ ಓದಿ ಹಾಗೆಯೇ ಕಳುಹಿಸಿದೆ. ಇಂಗ್ಲಿಷ್ ಬಲ್ಲ ಒಂದಿಬ್ಬರು ಪೋಷಕರು ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡು, ಮಳೆಯ ಕಾರಣದಿಂದ ತುರ್ತು ಸಭೆ ಕರೆದಿದ್ದಾರೆ ಎಂದು ಅಕ್ಕಪಕ್ಕದ ಮನೆಗಳಿಗೆ ತಿಳಿಸಿದರು. ಹನ್ನೊಂದು ಮಂದಿ ಬಂದರು. ಅವರಲ್ಲಿ ಕೆಲವರು ಕೆಸರುದಾರಿಯಲ್ಲಿ ಎರಡು ಕಿಲೋಮೀಟರ್ ನಡೆದು, ಒದ್ದೆಯಾಗಿ ಬಂದಿದ್ದರು. ‘ಕಾಲ್ಡ್ ಆಫ್’ ಎಂಬುದರಲ್ಲಿ ‘ಆಫ್’ ಬಿಟ್ಟುಹೋದದ್ದರಿಂದ ವಾಕ್ಯದ ಅರ್ಥ ತಲೆಕೆಳಗಾಗಿತ್ತು. ತಪ್ಪು ಮಗುವಿನದಲ್ಲ, ಕಲಿಸಿದ ನನ್ನದು ಎಂಬುದು ಅಂದಿನಿಂದ ಮನಸ್ಸಿನಲ್ಲಿ ಉಳಿದಿದೆ.

ಆಮೇಲೆ ಹಳೆಯ ಉತ್ತರ ಪತ್ರಿಕೆಗಳನ್ನು ತೆಗೆದು ನೋಡಿದಾಗ ಇದು ಒಬ್ಬಳ ತಪ್ಪಲ್ಲವೆಂದು ತಿಳಿಯಿತು. ಕರ್ತರಿ ವಾಕ್ಯದಲ್ಲಿ ‘ಕಾಲ್ ಆಫ್’, ‘ಲುಕ್ ಆಫ್ಟರ್’, ‘ಬ್ರಿಂಗ್ ಅಪ್’ ಎಂದು ಸರಿಯಾಗಿ ಬರೆಯುವ ಮಕ್ಕಳೇ ಪ್ಯಾಸಿವ್‌ಗೆ ತಿರುಗಿಸಿದ ಕೂಡಲೇ ಕೊನೆಯ ಸಣ್ಣ ಪದವನ್ನು ಕಳೆದುಕೊಳ್ಳುತ್ತಾರೆ. ‘ಶಿ ವಾಸ್ ಲುಕ್ಡ್ ಬೈ ಹರ್ ಗ್ರ್ಯಾಂಡ್‌ಮದರ್’ ಎಂದು ಬರೆದವನನ್ನು ಕೇಳಿದರೆ, ‘ಆಫ್ಟರ್ ಬೈ ಅಂತ ಎರಡು ಒಟ್ಟಿಗೆ ಬರಬಾರದಲ್ವಾ ಮೇಡಂ’ ಎಂದ. ಆ ಕ್ಷಣಕ್ಕೆ ಅವನಿಗೆ ಒಪ್ಪುವಂತೆ ವಿವರಿಸಲು ನನ್ನಿಂದ ಆಗಲಿಲ್ಲ. ಇನ್ನೊಬ್ಬ ‘ಮೈ ಗ್ರ್ಯಾಂಡ್‌ಫಾದರ್ ವಾಸ್ ಪಾಸ್ಡ್ ಅವೇ’ ಎಂದು ಬರೆದಿದ್ದಾನೆ. ಅದು ತಪ್ಪೆಂದು ಗೊತ್ತಿದ್ದರೂ ಕಾರಣವನ್ನು ಕನ್ನಡದಲ್ಲಿ ಹೇಳಿಕೊಡುವ ದಾರಿ ತೋಚಲಿಲ್ಲ. ನಿಯಮವನ್ನು ಕಂಠಪಾಠ ಮಾಡಿಸುವುದಕ್ಕಿಂತ, ನಮ್ಮ ಮಕ್ಕಳು ಇಲ್ಲಿ ಏಕೆ ಎಡವುತ್ತಾರೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.


ಉತ್ತರ 1
ಬರೆದವರು: ನಿವೃತ್ತ ಅಧ್ಯಾಪಕ, ತೀರ್ಥಹಳ್ಳಿ

ಮೇಡಂ, ನಿಮ್ಮ ವಿದ್ಯಾರ್ಥಿನಿ ಎಡವಿದ ಜಾಗದಲ್ಲಿ ನಾನು ಮೂವತ್ತು ವರ್ಷ ಮಕ್ಕಳು ಎಡವುವುದನ್ನು ನೋಡಿದ್ದೇನೆ. ಕಾರಣ ಇಂಗ್ಲಿಷಿನಲ್ಲಿ ಎಷ್ಟಿದೆಯೋ ಅಷ್ಟೇ ನಮ್ಮ ಕನ್ನಡದ ಅಭ್ಯಾಸದಲ್ಲೂ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಹೋಗುವ ಮೊದಲು ಲಿಪಿಯ ಬಗ್ಗೆ ಒಂದು ಮಾತು: ಎರಡು ಎಫ್ ಇರುವ ಪದವನ್ನು ನಾನು ‘ಆಫ್’ ಎಂದೂ ಒಂದೇ ಎಫ್ ಇರುವುದನ್ನು ‘ಆವ್’ ಎಂದೂ ಬರೆಯುತ್ತೇನೆ. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದಲೂ ಮಕ್ಕಳಿಗೆ ಗೊಂದಲವಾಗುತ್ತದೆ.

ನಮ್ಮಲ್ಲೂ ಜೋಡಿ ಕ್ರಿಯಾಪದಗಳಿವೆ. ‘ತಳ್ಳಿಹಾಕು’, ‘ತೆಗೆದುಹಾಕು’, ‘ಕೈಬಿಡು’ ಇವುಗಳನ್ನು ನೋಡಿ. ‘ಅರ್ಜಿಯನ್ನು ತಳ್ಳಿಹಾಕಿದರು’ ಎಂದಾಗ ಯಾರೂ ಅರ್ಜಿಯನ್ನು ಕೈಯಿಂದ ತಳ್ಳಲಿಲ್ಲ, ಎಲ್ಲಿಯೂ ಹಾಕಲಿಲ್ಲ. ಎರಡು ಪದಗಳು ಸೇರಿ ಮೂರನೆಯ ಅರ್ಥವೊಂದನ್ನು ಕೊಟ್ಟಿವೆ. ‘ಟರ್ನ್ ಡೌನ್’ ಆದದ್ದೂ ಹೀಗೆಯೇ. ಆದ್ದರಿಂದ ಎರಡು ಪದ ಸೇರಿ ಒಂದೇ ಕ್ರಿಯಾಪದವಾಗುತ್ತದೆ ಎಂಬ ಮಾತು ನಮ್ಮ ಮಕ್ಕಳಿಗೆ ಹೊಸದಲ್ಲ. ಕಷ್ಟ ಬರುವುದು ರೂಪ ಬದಲಾಗುವಾಗ. ‘ತಳ್ಳಿಹಾಕು’ ಎಂಬುದು ‘ತಳ್ಳಿಹಾಕಲಾಯಿತು’ ಆದಾಗ ಮೊದಲ ಪದ ಕದಲುವುದಿಲ್ಲ, ಕಾಲ ಮತ್ತು ಪ್ರಯೋಗದ ಪ್ರತ್ಯಯಗಳೆಲ್ಲ ಕೊನೆಯ ಪದಕ್ಕೆ ಹತ್ತುತ್ತವೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ‘ಟರ್ನ್ ಡೌನ್’ ಎಂಬುದು ‘ವಾಸ್ ಟರ್ನ್ಡ್ ಡೌನ್’ ಆದಾಗ ಬದಲಾಗುವುದು ಮೊದಲ ಪದ, ‘ಡೌನ್’ ಎಂಬ ಬಾಲ ಇದ್ದಲ್ಲೇ ಇರುತ್ತದೆ. ಕನ್ನಡದ ಕಿವಿಗೆ ಪ್ರತ್ಯಯ ಬಂದಲ್ಲಿಗೆ ಕ್ರಿಯಾಪದ ಮುಗಿಯಿತು. ಹಾಗಾಗಿ ‘ಕಾಲ್ಡ್’ ಎಂದು ಬರೆದು, ಕೊನೆಯ ‘ಡ್’ ಶಬ್ದ ಕೇಳಿಸಿದ ಕೂಡಲೇ, ಮಗುವಿನ ಮನಸ್ಸು ಕೆಲಸ ಪೂರ್ಣವಾಯಿತೆಂದು ತಿಳಿದು ಮುಂದಕ್ಕೆ ಹೋಗುತ್ತದೆ. ‘ಆಫ್’ ಕಳೆದುಹೋಗುವುದು ಅಜಾಗ್ರತೆಯಿಂದಲ್ಲ.

ಎರಡನೆಯ ಕಾರಣವೂ ನಮ್ಮಲ್ಲೇ ಇದೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ವ್ಯಾಕರಣ ಪಾಠದ ವಾಕ್ಯವನ್ನು ಬಿಟ್ಟರೆ ನಾವು ದಿನನಿತ್ಯ ‘ಪಡು’ ಹಚ್ಚಿದ ಕರ್ಮಣಿಯನ್ನು ಆಡುವುದು ಕಡಿಮೆ. ಸೂಚನಾಫಲಕದಲ್ಲಿ ಕಾಣುವುದು ‘ಸಭೆಯನ್ನು ಮುಂದೂಡಲಾಗಿದೆ’ ಎಂಬ ಬಗೆ. ಇಲ್ಲಿ ‘ಸಭೆಯನ್ನು’ ಎಂಬ ದ್ವಿತೀಯಾ ವಿಭಕ್ತಿ ಹಾಗೆಯೇ ಉಳಿದಿದೆ, ಮಾಡಿದವರು ಯಾರೆಂಬುದಷ್ಟೇ ಮರೆಯಾಗಿದೆ. ಇಂಗ್ಲಿಷಿನಲ್ಲಿ ಮಾತ್ರ ಸಭೆ ಕರ್ತೃಪದದ ಜಾಗಕ್ಕೆ ಬಂದು ಕೂರಬೇಕು, ಅದರ ಬಳಿಕ ‘ಬಿ’ ಕ್ರಿಯಾಪದದ ಒಂದು ರೂಪ ಇರಲೇಬೇಕು. ಈ ಸ್ಥಾನಪಲ್ಲಟ ಮನಸ್ಸಿಗೆ ಬಾರದ ಮಗು ‘ದಿ ಮೀಟಿಂಗ್ ಹ್ಯಾಸ್ ಪುಟ್ ಆಫ್’ ಎಂದು, ‘ಬೀನ್’ ಇಲ್ಲದೆ ಬರೆಯುತ್ತದೆ. ಅದರಲ್ಲಿ ಬಾಲ ಉಳಿದಿರುತ್ತದೆ, ನಡುವಿನ ಕೊಂಡಿ ಬಿದ್ದುಹೋಗಿರುತ್ತದೆ.

ಕಲಿಸುವಾಗ ನಾನು ಒಂದು ಸರಳ ಉಪಾಯ ಮಾಡುತ್ತಿದ್ದೆ. ಕರಿಹಲಗೆಯಲ್ಲಿ ಕರ್ತರಿ ವಾಕ್ಯವನ್ನು ಬರೆದು, ಬದಲಾಯಿಸುವ ಮೊದಲೇ, ಜೋಡಿ ಕ್ರಿಯಾಪದದ ಸುತ್ತ ಒಂದು ಚೌಕ ಎಳೆಯುತ್ತಿದ್ದೆ. ‘ದೇ ಕಾಲ್ಡ್ ಆಫ್ ದಿ ಮೀಟಿಂಗ್’ ಎಂಬುದರಲ್ಲಿ ‘ಕಾಲ್ಡ್ ಆಫ್’ ಚೌಕದೊಳಗೆ. ಚೌಕದಲ್ಲಿರುವುದೆಲ್ಲ ಒಟ್ಟಿಗೇ ಹೊಸ ವಾಕ್ಯಕ್ಕೆ ಹೋಗಬೇಕು, ಮೊದಲ ಪದ ಮಾತ್ರ ವಿ-3, ಅಂದರೆ ಕ್ರಿಯಾಪದದ ಮೂರನೆಯ ರೂಪಕ್ಕೆ ತಿರುಗಬೇಕು ಎಂಬುದು ಕಟ್ಟಳೆ. ಆಮೇಲೆ ಕಾಲವನ್ನು ಬದಲಾಯಿಸುತ್ತಾ ಹೋಗುವುದು: ‘ಈಸ್ ಕಾಲ್ಡ್ ಆಫ್’, ‘ವಾಸ್ ಕಾಲ್ಡ್ ಆಫ್’, ‘ಹ್ಯಾಸ್ ಬೀನ್ ಕಾಲ್ಡ್ ಆಫ್’, ‘ಈಸ್ ಬೀಯಿಂಗ್ ಕಾಲ್ಡ್ ಆಫ್’, ‘ವಿಲ್ ಬಿ ಕಾಲ್ಡ್ ಆಫ್’. ಬದಲಾಗುವುದೆಲ್ಲ ಚೌಕದ ಹೊರಗೆ, ಎಡಗಡೆಗೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಿದ್ದರು. ಇನ್ನೊಂದು ಸಮಾಧಾನವೂ ಇದೆ. ಕರ್ತರಿಯಲ್ಲಿ ‘ಕಾಲ್ಡ್ ಇಟ್ ಆಫ್’ ಸರಿ, ‘ಕಾಲ್ಡ್ ಆಫ್ ಇಟ್’ ತಪ್ಪು ಎಂಬ ತೊಡಕು ಇರುತ್ತದೆ. ಕರ್ಮಣಿಯಲ್ಲಿ ‘ಇಟ್’ ಆಗಲೇ ವಾಕ್ಯದ ಮುಂದಕ್ಕೆ ಹೋಗಿರುವುದರಿಂದ ಕ್ರಿಯಾಪದವೂ ಅದರ ಬಾಲವೂ ಅಕ್ಕಪಕ್ಕದಲ್ಲೇ ಉಳಿಯುತ್ತವೆ. ಹಾಗೆ ನೋಡಿದರೆ ಈ ವಿಷಯದಲ್ಲಿ ಕರ್ಮಣಿಯೇ ಸುಲಭ.

‘ಆಫ್ಟರ್ ಬೈ’ ಎಂದು ಎರಡು ಒಟ್ಟಿಗೆ ಬರಬಾರದು ಎಂದ ಹುಡುಗ ಜಾಣ. ಅವನು ವಾಕ್ಯವನ್ನು ಕಿವಿಯಿಂದ ಅಳೆದಿದ್ದಾನೆ. ಅವನಿಗೆ ಹೀಗೆ ಹೇಳಿ: ಆ ಎರಡು ಪದಗಳು ಪಕ್ಕದಲ್ಲಿದ್ದರೂ ಒಂದೇ ಮನೆಯವಲ್ಲ. ‘ಆಫ್ಟರ್’ ಹಿಂದಿನ ‘ಲುಕ್ಡ್’ಗೆ ಸೇರಿದ್ದು, ‘ಬೈ’ ಮುಂದಿನ ‘ಹರ್ ಗ್ರ್ಯಾಂಡ್‌ಮದರ್’ಗೆ ಸೇರಿದ್ದು. ‘ಶಿ ವಾಸ್ ಲುಕ್ಡ್ ಆಫ್ಟರ್’ ಎಂದು ಓದಿ ಅರೆಕ್ಷಣ ನಿಂತು, ಬಳಿಕ ‘ಬೈ ಹರ್ ಗ್ರ್ಯಾಂಡ್‌ಮದರ್’ ಎಂದು ಓದಿಸಿದರೆ ಗಡಿ ಎಲ್ಲಿದೆಯೆಂದು ಕೇಳಿಸುತ್ತದೆ. ‘ಹಿ ವಾಸ್ ಲಾಫ್ಡ್ ಅಟ್ ಬೈ ಎವ್ರಿಒನ್’ ಎಂಬುದಕ್ಕೂ ಇದೇ ವಿವರಣೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಬಗ್ಗೆ ಪ್ರಬಂಧ ಬರೆಯಿಸುವಾಗ ‘ಮೆನಿ ವಿಲೇಜಸ್ ವರ್ ಸ್ವಾಲೋಡ್ ಅಪ್ ಬೈ ದಿ ಬ್ಯಾಕ್‌ವಾಟರ್ಸ್’ ಎಂಬ ವಾಕ್ಯವನ್ನು ನಾನು ಕೊಡುತ್ತಿದ್ದೆ. ಶರಾವತಿಯ ಹಿನ್ನೀರಿನಲ್ಲಿ ಅಜ್ಜನ ಮನೆ ಮುಳುಗಿದ ಮಕ್ಕಳು ತರಗತಿಯಲ್ಲಿ ಇರುತ್ತಿದ್ದರು, ಅವರು ಆ ‘ಅಪ್ ಬೈ’ಯನ್ನು ಆಮೇಲೆ ಎಂದೂ ಮರೆತದ್ದಿಲ್ಲ.


ಉತ್ತರ 2
ಬರೆದವರು: ಅಡಿಕೆ ಬೆಳೆಗಾರ ಮತ್ತು ಹೋಂಸ್ಟೇ ನಡೆಸುವವನು, ಆಗುಂಬೆ ಹೋಬಳಿ

ನಾನು ವ್ಯಾಕರಣ ಓದಿದವನಲ್ಲ. ಆದರೆ ಮಳೆಗಾಲದ ನಾಲ್ಕು ತಿಂಗಳು ದೂರದ ಅತಿಥಿಗಳಿಗೆ ಪ್ರತಿದಿನ ಇಂಗ್ಲಿಷಿನಲ್ಲಿ ಸಂದೇಶ ಬರೆಯುತ್ತೇನೆ, ಅವುಗಳಲ್ಲಿ ಅರ್ಧದಷ್ಟು ಈ ಬಗೆಯ ವಾಕ್ಯಗಳೇ ಎಂಬುದು ನಿಮ್ಮ ಪ್ರಶ್ನೆ ಓದಿದ ಮೇಲೆ ಗಮನಕ್ಕೆ ಬಂತು. ನಮ್ಮ ಊರಿನ ಮಳೆಗಾಲವನ್ನು ಇವುಗಳಿಲ್ಲದೆ ಇಂಗ್ಲಿಷಿನಲ್ಲಿ ಹೇಳುವುದೇ ಕಷ್ಟ, ಏಕೆಂದರೆ ಆಗ ಎಲ್ಲವೂ ನಮ್ಮ ಮೇಲೆ ಆಗುತ್ತದೆಯೇ ಹೊರತು ನಾವು ಮಾಡುವುದು ಕಡಿಮೆ.

ಮರ ಬಿದ್ದು ಬಸ್ಸು ನಿಂತರೆ ‘ದಿ ಬಸ್ ವಾಸ್ ಹೆಲ್ಡ್ ಅಪ್ ಬೈ ಎ ಫಾಲನ್ ಟ್ರೀ’. ಹಳ್ಳ ಏರಿ ಊರಿಗೆ ಸಂಪರ್ಕ ತಪ್ಪಿದರೆ ‘ಅವರ್ ವಿಲೇಜ್ ಹ್ಯಾಸ್ ಬೀನ್ ಕಟ್ ಆಫ್ ಸಿನ್ಸ್ ಯೆಸ್ಟರ್‌ಡೇ’. ಕಾಲುಸಂಕ ಕೊಚ್ಚಿಹೋದರೆ ‘ದಿ ಫುಟ್‌ಬ್ರಿಜ್ ವಾಸ್ ವಾಶ್ಡ್ ಅವೇ’. ಘಾಟಿಯಲ್ಲಿ ಭಾರೀ ವಾಹನಗಳನ್ನು ಬಿಡದಿದ್ದರೆ ‘ಹೆವಿ ವೆಹಿಕಲ್ಸ್ ಆರ್ ಬೀಯಿಂಗ್ ಟರ್ನ್ಡ್ ಬ್ಯಾಕ್ ಅಟ್ ಆಗುಂಬೆ’. ಈ ಕೊನೆಯದರಲ್ಲಿ ‘ಬ್ಯಾಕ್’ ಬದಲು ‘ಡೌನ್’ ಬರೆದರೆ ವಾಹನವನ್ನು ತಿರಸ್ಕರಿಸಿದ ಹಾಗೆ ಆಗುತ್ತದೆ, ‘ಆಫ್’ ಬರೆದರೆ ದೀಪ ಆರಿಸಿದ ಹಾಗೆ, ‘ಓವರ್’ ಬರೆದರೆ ವಾಹನವೇ ಮಗುಚಿದ ಹಾಗೆ. ಅತಿಥಿಯೊಬ್ಬರಿಗೆ ಒಮ್ಮೆ ‘ಟರ್ನ್ಡ್ ಓವರ್’ ಎಂದು ಬರೆದು, ಅವರು ಗಾಬರಿಯಿಂದ ಫೋನ್ ಮಾಡಿದ ಮೇಲೆ ನಾನು ಈ ಬಾಲಗಳ ಬಗ್ಗೆ ಎಚ್ಚರ ಕಲಿತೆ.

ಲಿಂಗನಮಕ್ಕಿಯ ನೀರಿನ ಮಟ್ಟ ಪೂರ್ಣಮಟ್ಟವಾದ 1819 ಅಡಿಯ ಹತ್ತಿರ ಬರುತ್ತಿದೆ ಎಂಬ ಸುದ್ದಿ ಓದಿದರೆ ಜೋಗ ನೋಡಬೇಕೆಂದಿರುವ ಎಲ್ಲರ ಪ್ರಶ್ನೆ ಒಂದೇ. ಅವರಿಗೆ ‘ವಾಟರ್ ಹ್ಯಾಸ್ ನಾಟ್ ಬೀನ್ ಲೆಟ್ ಔಟ್ ಯೆಟ್’ ಎಂದು ಬರೆಯುತ್ತೇನೆ. ಇಲ್ಲಿ ಇನ್ನೊಂದು ತೊಡಕನ್ನು ಮಕ್ಕಳಿಗೆ ತೋರಿಸಬೇಕು. ‘ಲೆಟ್’, ‘ಕಟ್’, ‘ಪುಟ್’, ‘ಸೆಟ್’, ‘ಸ್ಪ್ರೆಡ್’ ಇವುಗಳಿಗೆ ಮೂರೂ ರೂಪ ಒಂದೇ. ‘ದಿ ಬಾಯಿಲ್ಡ್ ನಟ್ಸ್ ಆರ್ ಸ್ಪ್ರೆಡ್ ಔಟ್ ಇನ್ ದಿ ಸನ್’ ಎಂದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವುವುದನ್ನು ವಿವರಿಸುವಾಗ, ಇದು ಕರ್ಮಣಿ ಎಂದು ತಿಳಿಸುವ ಗುರುತು ‘ಆರ್’ ಒಂದೇ. ಅದನ್ನು ಬಿಟ್ಟರೆ ಅಡಿಕೆಯೇ ತಾನಾಗಿ ಹರಡಿಕೊಂಡಂತೆ ಆಗುತ್ತದೆ.

ಇನ್ನು ಮಾತಿನಲ್ಲಿ ಅತಿಥಿಗಳು ‘ವಾಸ್’ ಬದಲು ‘ಗಾಟ್’ ಬಳಸುವುದನ್ನು ಬಹಳ ಕೇಳುತ್ತೇನೆ: ‘ವಿ ಗಾಟ್ ಹೆಲ್ಡ್ ಅಪ್ ಅಟ್ ಶಿವಮೊಗ್ಗ’. ಸಲಿಗೆಯ ಮಾತಿಗೆ ಅದು ಚೆನ್ನಾಗಿ ಹೊಂದುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆಯಬಹುದೇ ಎಂಬುದನ್ನು ತಿಳಿದವರು ಹೇಳಬೇಕು.


ಉತ್ತರ 3
ಬರೆದವರು: ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ಮೇಲಿನ ಎರಡು ಉತ್ತರಗಳೂ ಉಪಯುಕ್ತವಾಗಿವೆ. ‘ಗಾಟ್ ಹೆಲ್ಡ್ ಅಪ್’ ತಪ್ಪಲ್ಲ, ಆದರೆ ಅದು ಆಡುಮಾತಿನ ರೂಪ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ವಾಸ್ ಹೆಲ್ಡ್ ಅಪ್’ ಎಂದೇ ಬರೆಯಿಸುವುದು ಲೇಸು. ಉಳಿದಿರುವ ‘ಪಾಸ್ಡ್ ಅವೇ’ ಪ್ರಶ್ನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಪದವಿ ತರಗತಿಯವರೆಗೂ ಈ ತಪ್ಪು ಹಿಂಬಾಲಿಸಿ ಬರುತ್ತದೆ.

ಕರ್ಮಪದ ಇಲ್ಲದ ಕಡೆ ಕರ್ಮಣಿ ಇಲ್ಲ. ಇದನ್ನು ಕನ್ನಡದಲ್ಲೇ ಕಲಿಸಬಹುದು. ಸಕರ್ಮಕವೋ ಅಕರ್ಮಕವೋ ಎಂದು ತಿಳಿಯಲು ‘ಏನನ್ನು?’ ಅಥವಾ ‘ಯಾರನ್ನು?’ ಎಂದು ಕೇಳುವುದನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೇವೆ. ‘ತೀರಿಕೊಂಡರು’ ಎಂದಾಗ ‘ಏನನ್ನು?’ ಎಂದು ಕೇಳಿದರೆ ಉತ್ತರವಿಲ್ಲ. ಹಾಗಾಗಿ ‘ಹಿ ಪಾಸ್ಡ್ ಅವೇ’ ಅಷ್ಟೇ, ಅದರ ನಡುವೆ ‘ವಾಸ್’ ಬರುವುದಿಲ್ಲ. ‘ದಿ ಬಸ್ ಬ್ರೋಕ್ ಡೌನ್ ನಿಯರ್ ಆಯನೂರು’ ಎಂಬುದೂ ಹಾಗೆಯೇ: ಬಸ್ಸು ತಾನೇ ಕೆಟ್ಟು ನಿಂತಿತು. ಆದರೆ ಬೀಗ ತೆಗೆಯಲಾಗದೆ ಬಾಗಿಲನ್ನು ಒಡೆದು ಕೆಡವಿದರೆ ‘ದಿ ಡೋರ್ ವಾಸ್ ಬ್ರೋಕನ್ ಡೌನ್’ ಎನ್ನಬಹುದು, ಏಕೆಂದರೆ ಅಲ್ಲಿ ‘ಏನನ್ನು?’ ಎಂಬುದಕ್ಕೆ ಬಾಗಿಲು ಇದೆ. ಒಂದೇ ಜೋಡಿಪದ ಒಂದು ಅರ್ಥದಲ್ಲಿ ಕರ್ಮಣಿಗೆ ಒಗ್ಗುತ್ತದೆ, ಇನ್ನೊಂದರಲ್ಲಿ ಒಗ್ಗುವುದಿಲ್ಲ. ವಿಮಾನ ‘ಟುಕ್ ಆಫ್’, ಚಪ್ಪಲಿಗಳು ಮಾತ್ರ ‘ವರ್ ಟೇಕನ್ ಆಫ್’. ಪದಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದು ಇದರಿಂದಲೇ ಫಲ ಕೊಡುವುದಿಲ್ಲ.

‘ಗ್ರೋ ಅಪ್’ ಮತ್ತು ‘ಬ್ರಿಂಗ್ ಅಪ್’ ಎಂಬ ಜೋಡಿಯನ್ನು ಅಕ್ಕಪಕ್ಕದಲ್ಲಿಟ್ಟು ಕಲಿಸಿ. ಮಗು ತಾನು ಬೆಳೆಯುತ್ತದೆ, ಅದನ್ನು ಬೆಳೆಸುವವರು ಬೇರೆಯವರು. ‘ಐ ಗ್ರೂ ಅಪ್ ಇನ್ ಸಾಗರ’ ಸರಿ, ‘ಐ ವಾಸ್ ಬ್ರಾಟ್ ಅಪ್ ಇನ್ ಸಾಗರ’ವೂ ಸರಿ. ಆದರೆ ನಮ್ಮ ಅನೇಕ ಸ್ವಪರಿಚಯ ಪತ್ರಗಳಲ್ಲಿ ಕಾಣುವ ‘ಐ ವಾಸ್ ಗ್ರೋನ್ ಅಪ್ ಇನ್ ಸಾಗರ’ ತಪ್ಪು. ‘ಬೆಳೆ’ ಮತ್ತು ‘ಬೆಳೆಸು’ ಎಂಬ ವ್ಯತ್ಯಾಸವನ್ನು ನಮ್ಮ ಭಾಷೆ ಇಷ್ಟು ಸ್ಪಷ್ಟವಾಗಿ ತೋರಿಸುತ್ತಿರುವಾಗ ನಾವು ಅದನ್ನು ಇಂಗ್ಲಿಷ್ ತರಗತಿಯಲ್ಲಿ ಬಳಸದೆ ಬಿಡುವುದು ನನಗೆ ನಷ್ಟವೆಂದೇ ತೋರುತ್ತದೆ.

ಕರ್ಮಪದವಿದ್ದರೂ ಕರ್ಮಣಿಗೆ ಒಪ್ಪದ ಕೆಲವು ಇವೆ. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’, ಅಂದರೆ ತಾಯಿಯ ಹೋಲಿಕೆ ಎಂಬುದನ್ನು ತಿರುಗಿಸಲಾಗದು, ಏಕೆಂದರೆ ಅಲ್ಲಿ ತಾಯಿಯ ಮೇಲೆ ಯಾವ ಕ್ರಿಯೆಯೂ ನಡೆದಿಲ್ಲ. ಮೂರು ಪದಗಳ ಕೂಟದಲ್ಲಿ ಕೆಲವು ಸರಾಗವಾಗಿ ತಿರುಗುತ್ತವೆ. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದಾದುದನ್ನು ‘ದಿ ಓಲ್ಡ್ ಸ್ಪೆಲಿಂಗ್ ವಾಸ್ ಡನ್ ಅವೇ ವಿತ್’ ಎಂದು ಬರೆಯಬಹುದು. ವಾಕ್ಯ ‘ವಿತ್’ನಲ್ಲಿ ಮುಗಿಯುವುದನ್ನು ನೋಡಿ ಮಕ್ಕಳು ಏನೋ ಬಿಟ್ಟುಹೋಯಿತೆಂದು ಒಂದು ನಾಮಪದ ಸೇರಿಸಲು ಹೋಗುತ್ತಾರೆ. ಏನೂ ಬಿಟ್ಟುಹೋಗಿಲ್ಲ, ‘ವಿತ್’ಗೆ ಸೇರಬೇಕಾದ ಪದ ವಾಕ್ಯದ ಆರಂಭದಲ್ಲಿ ಕುಳಿತಿದೆ ಎಂದು ಬೆರಳಿಟ್ಟು ತೋರಿಸಬೇಕು.

ಮಕ್ಕಳಿಗೆ ಈ ಪ್ರಯೋಗ ಹೊಸದಲ್ಲ ಎಂಬುದಕ್ಕೆ ಒಳ್ಳೆಯ ಉದಾಹರಣೆ ಆಟದ ಮೈದಾನದಲ್ಲಿದೆ. ಜಿ. ಆರ್. ವಿಶ್ವನಾಥ್ ಅವರು ಹುಟ್ಟಿದ ಭದ್ರಾವತಿ ನಮ್ಮ ಜಿಲ್ಲೆಯದೇ ಆದ್ದರಿಂದ ಕ್ರಿಕೆಟ್ಟಿನ ಮಾತು ಇಲ್ಲಿ ಯಾವ ಹಳ್ಳಿಗೂ ಅಪರಿಚಿತವಲ್ಲ. ‘ಹಿ ವಾಸ್ ರನ್ ಔಟ್’ ಎಂಬುದು ಶುದ್ಧವಾದ ಕರ್ಮಣಿ ವಾಕ್ಯ. ಇಲ್ಲಿ ‘ರನ್’ ವಿ-3 ರೂಪ, ‘ಔಟ್’ ಅದರ ಬಾಲ, ಔಟ್ ಮಾಡಿದವರ ಹೆಸರು ಬೇಕಿಲ್ಲವಾದ್ದರಿಂದ ‘ಬೈ’ ಇಲ್ಲ. ‘ದಿ ಟೀಮ್ ವಾಸ್ ಬೌಲ್ಡ್ ಔಟ್’ ಎಂಬುದೂ ಅದೇ ಜಾತಿ. ‘ಹಿ ವಾಸ್ ರನ್’ ಎಂದು ಯಾವ ಹುಡುಗನೂ ಅರ್ಧಕ್ಕೆ ನಿಲ್ಲಿಸುವುದಿಲ್ಲ. ‘ಔಟ್’ ಇಲ್ಲದೆ ಆ ಮಾತಿಗೆ ಅರ್ಥವಿಲ್ಲವೆಂದು ಅವನಿಗೆ ಗೊತ್ತು. ಅಲ್ಲಿಂದ ಆರಂಭಿಸಿ ‘ಕಾಲ್ಡ್ ಆಫ್’ಗೆ ಬನ್ನಿ.

ಕರ್ಮಣಿಯನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಹೇಳಿಕೊಡಬೇಕೆಂದು ನನ್ನ ವಿನಂತಿ. ‘ಟ್ರೀಸ್ ವರ್ ಕಟ್ ಡೌನ್’ ಎಂದಾಗ ಕಡಿದವರು ಯಾರೆಂಬುದು ಮರೆಯಾಗುತ್ತದೆ. ಯಾರೆಂದು ಗೊತ್ತಿಲ್ಲದಿದ್ದರೆ ಆ ವಾಕ್ಯ ಪ್ರಾಮಾಣಿಕ. ಗೊತ್ತಿದ್ದೂ ಹೇಳದಿರಲು ಅದನ್ನು ಬಳಸಿದರೆ ಪ್ರಾಮಾಣಿಕವಲ್ಲ. ಮಲೆನಾಡಿನಲ್ಲಿ ಕುಳಿತು ಓದುವ ಮಗುವಿಗೆ ಆ ವ್ಯತ್ಯಾಸ ತಿಳಿದಿರಬೇಕು.


ಪ್ರಶ್ನಿಸಿದವರ ಮರುಮಾತು
ಬರೆದವರು: ಶಿಕ್ಷಕಿ, ಹೊಸನಗರ ತಾಲ್ಲೂಕು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ವಾರ ಇದನ್ನೇ ಮಾಡಿಸಿದೆ. ‘ರನ್ ಔಟ್’ನಿಂದ ಆರಂಭಿಸಿದ್ದು ಬಹಳ ಸಹಾಯವಾಯಿತು, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗರೂ ಉತ್ತರ ಹೇಳಿದರು. ತಿರುಗಿಸುವ ಮೊದಲು ಚೌಕ ಎಳೆಯುವ ಅಭ್ಯಾಸವನ್ನು ಇಡೀ ತರಗತಿ ಈಗ ರೂಢಿ ಮಾಡಿಕೊಂಡಿದೆ. ‘ತಳ್ಳಿಹಾಕಲಾಯಿತು’ ಮತ್ತು ‘ವಾಸ್ ಟರ್ನ್ಡ್ ಡೌನ್’ ಎರಡನ್ನೂ ಒಂದರ ಕೆಳಗೊಂದು ಬರೆದು, ಯಾವ ತುದಿ ಬದಲಾಯಿತು ಎಂದು ಕೇಳಿದಾಗ, ಅಂದು ಸೂಚನೆ ಬರೆದ ಹುಡುಗಿಯೇ ಮೊದಲು ಕೈ ಎತ್ತಿದಳು. ನನ್ನ ಮನಸ್ಸಿನ ಭಾರ ಸ್ವಲ್ಪ ಇಳಿಯಿತು.

ಅವಳದೇ ಒಂದು ಹೊಸ ಪ್ರಶ್ನೆ ಇದೆ. ವಿದ್ಯಾರ್ಥಿವೇತನದ ಅರ್ಜಿಗೆ ಸೂಚನೆ ಬರೆಯುತ್ತಾ ‘ದಿ ಫಾರ್ಮ್ ಮಸ್ಟ್ ಬಿ ಫಿಲ್ಡ್ ಇನ್ ಇನ್ ಬ್ಲೂ ಇಂಕ್’ ಎಂದು ಬರೆದು, ‘ಇನ್’ ಎರಡು ಸಲ ಬಂದದ್ದು ಸರಿಯೇ ಎಂದು ಕೇಳಿದ್ದಾಳೆ. ಸಹೋದ್ಯೋಗಿಯೊಬ್ಬರು ಒಂದನ್ನು ಹೊಡೆದುಹಾಕಿ ಎನ್ನುತ್ತಾರೆ. ಇನ್ನೊಬ್ಬರು ‘ಫಿಲ್ಡ್ ಅಪ್’ ಎಂದೇ ಬರೆಯಬೇಕು ಎನ್ನುತ್ತಾರೆ.


ಉತ್ತರ 4
ಬರೆದವರು: ನಿವೃತ್ತ ಅಧ್ಯಾಪಕ, ತೀರ್ಥಹಳ್ಳಿ

ಮೇಡಂ, ಹುಡುಗಿ ಬರೆದದ್ದು ಸರಿ. ಒಂದನ್ನೂ ಹೊಡೆದುಹಾಕಬೇಡಿ. ಮೊದಲ ‘ಇನ್’ ‘ಫಿಲ್ಡ್’ಗೆ ಸೇರಿದ ಬಾಲ, ಎರಡನೆಯದು ‘ಬ್ಲೂ ಇಂಕ್’ಗೆ ಸೇರಿದ್ದು. ಓದುವಾಗ ಮೊದಲನೆಯದನ್ನು ಒತ್ತಿ, ಎರಡನೆಯದನ್ನು ಹಗುರವಾಗಿ ಉಚ್ಚರಿಸಿದರೆ ಎರಡರ ಕೆಲಸ ಬೇರೆಬೇರೆ ಎಂದು ಕಿವಿಗೇ ತಿಳಿಯುತ್ತದೆ. ಅರ್ಜಿಗೆ ಬ್ರಿಟಿಷರು ‘ಫಿಲ್ ಇನ್’ ಎನ್ನುತ್ತಾರೆ, ಅಮೆರಿಕದವರು ಹೆಚ್ಚಾಗಿ ‘ಫಿಲ್ ಔಟ್’ ಎನ್ನುತ್ತಾರೆ. ‘ಫಿಲ್ ಅಪ್’ ನಮ್ಮ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿದೆ, ಅದನ್ನು ಬರೆದವರಿಗೆ ನಾನು ಅಂಕ ಕಳೆಯುತ್ತಿರಲಿಲ್ಲ, ಆದರೆ ತೊಟ್ಟಿಗೆ ನೀರು ತುಂಬಿಸುವುದಕ್ಕೆ ಅದನ್ನು ಮೀಸಲಿಡಿ ಎಂದು ಅಂಚಿನಲ್ಲಿ ಬರೆಯುತ್ತಿದ್ದೆ. ಎರಡು ‘ಇನ್’ ಒಟ್ಟಿಗೆ ಬಂದದ್ದು ಕಣ್ಣಿಗೆ ಹಿತವಾಗಿ ಕಾಣದಿದ್ದರೆ ‘ಬ್ಲೂ ಇಂಕ್ ಮಸ್ಟ್ ಬಿ ಯೂಸ್ಡ್’ ಎಂದು ಬೇರೆ ವಾಕ್ಯ ಮಾಡಬಹುದು. ಆದರೆ ಅವಳು ತಾನಾಗಿ ಬಾಲವನ್ನು ಉಳಿಸಿಕೊಂಡಿರುವಾಗ, ಈ ಸಲ ಅವಳ ವಾಕ್ಯವನ್ನು ಹಾಗೆಯೇ ಫಲಕದ ಮೇಲೆ ಹಾಕಿಸಿ.